ಹತ್ತು ಮೀಟರಿನ ಮಾತು

ನಮ್ಮ ಹಿತ್ತಲಿಗೂ ಪಕ್ಕದ ಮನೆ ಕಾಕಾರ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆಯೊಂದಿದೆ. ಬೈಲಹೊಂಗಲದ ಹಳೆಯ ಓಣಿಗಳಲ್ಲಿ ಇಂಥ ಗೋಡೆ ಇರುವುದೇ ಚಹಾದ ಕಪ್ಪು ಇಟ್ಟು ಮಾತಾಡುವುದಕ್ಕೆ. ಹತ್ತಿಯ ದರ, ನವಿಲುತೀರ್ಥದ ನೀರು, ಧಾರವಾಡ ಬಸ್ಸಿನ ವೇಳೆ, ಎಲ್ಲ ಅಲ್ಲಿಯೇ ಮಾತಿಗೆ ಬರುತ್ತವೆ. ಈ ವಾರ ಮಾತ್ರ ಪೂರ್ತಿ ಬಂದೂಕಿನ ಮಾತೇ ಆಯಿತು.

“ಮಾಸ್ತರ್ರ, ನಮ್ಮ ಮೊಮ್ಮಗಳು ಬಂದೂಕ ಕೊಡಸು ಅಂತ ಹಟಾ ಹಿಡದಾಳ್ರಿ. ಏನ ಮಾಡೂದು?” ಎಂದು ಕಾಕಾ ಶುರು ಮಾಡಿದರು.

ಹುಡುಗಿ ಒಂಬತ್ತನೇ ಇಯತ್ತೆ, ಎನ್‌ಸಿಸಿಯಲ್ಲಿದ್ದಾಳೆ. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಫುಗ್ಗಾ ಹೊಡೆಯುವ ಅಂಗಡಿಯಲ್ಲಿ ಒಂದೂ ತಪ್ಪದೆ ಹೊಡೆದಳಂತೆ. ಊರಿಗೆ ಬಂದವಳು ಮೊಬೈಲಿನಲ್ಲಿ ಸ್ಪರ್ಧೆಯ ಏರ್ ರೈಫಲ್ ತೋರಿಸಿ, ಇದು ಬೇಕು ಅಂದಿದ್ದಾಳೆ. ಬೆಲೆ ಕೇಳಿ ಕಾಕಾರ ಎದೆ ಧಸಕ್ಕೆಂದಿದೆ.

“ಗುಡ್ಡದಾಗಿಂದೂ ಗಾಳಿ ಬಂದೂಕು, ಇದೂ ಗಾಳಿ ಬಂದೂಕು. ಅದು ಸಾವಿರದ ಲೆಕ್ಕದಾಗ ಸಿಗತೈತಿ, ಇದಕ್ಕ ಎರಡು-ಮೂರು ಲಕ್ಷ ಅಂತಾರ. ಬರೇ ಗಾಳಿಗೆ ಇಷ್ಟ್ಯಾಕ್ರಿ ರೊಕ್ಕ?”

ಈ ಪ್ರಶ್ನೆ ನನಗೆ ಬಹಳ ಸೇರಿತು. ಏರ್ ರೈಫಲ್ಲಿನ ಎಪ್ಪತ್ತು ವರ್ಷದ ಕಥೆಯೆಲ್ಲ ಅದರೊಳಗೇ ಇದೆ. “ಕಾಕಾ, ರೊಕ್ಕ ಗಾಳಿಗೆ ಅಲ್ರಿ. ಹೊಡದಾಗ ಬಂದೂಕು ಕದಲಬಾರದಲ್ಲ, ಅದಕ್ಕ ಕೊಡೂದು” ಎಂದೆ.

ಜಾತ್ರೆಯ ಬಂದೂಕನ್ನು ನೀವೂ ಹಿಡಿದಿರುತ್ತೀರಿ. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಒಳಗಿನ ಗಟ್ಟಿ ಸ್ಪ್ರಿಂಗು ಹಿಂದಕ್ಕೆ ಒತ್ತಿ ಕೂಡುತ್ತದೆ. ಛರ್ರೆ ಇಟ್ಟು, ನಳಿಗೆ ನೆಟ್ಟಗೆ ಮಾಡಿ ಟ್ರಿಗರ್ ಎಳೆದರೆ ಸ್ಪ್ರಿಂಗು ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಪಿಸ್ಟನ್ನಿನ ಮುಂದಿನ ಗಾಳಿ ಒತ್ತಡಕ್ಕೆ ಸಿಕ್ಕು ಛರ್ರೆಯನ್ನು ಹೊರಗೆ ದೂಡುತ್ತದೆ. ಆದರೆ ಪಿಸ್ಟನ್ನು ಮುಂದೆ ಓಡುವಾಗ ಬಂದೂಕು ಹಿಂದೆ ಸರಿಯುತ್ತದೆ, ಪಿಸ್ಟನ್ನು ಕೊನೆ ಮುಟ್ಟಿ ಬಡಿದಾಗ ಮುಂದೆ ಜಿಗಿಯುತ್ತದೆ. ಈ ಎರಡೂ ಜಗ್ಗಾಟ ನಡೆಯುವ ಹೊತ್ತಿಗೆ ಛರ್ರೆ ಇನ್ನೂ ನಳಿಗೆಯೊಳಗೇ ಇರುತ್ತದೆ. ಅಂದರೆ ನೀವು ಎಷ್ಟೇ ಸರಿಯಾಗಿ ಗುರಿ ಹಿಡಿದಿರಿ, ಛರ್ರೆ ಹೊರಬೀಳುವ ಮೊದಲೇ ಬಂದೂಕು ನಿಮ್ಮ ಗುರಿಯನ್ನು ಅಲುಗಿಸಿರುತ್ತದೆ.

“ಹಂಗಿದ್ರೂ ನಮ್ಮ ಹುಡುಗಿ ಹೊಡದಾಳಲ್ರಿ!”

ಹೊಡೆದಾಳೆ, ಯಾಕೆಂದರೆ ಫುಗ್ಗಾ ಅಂಗೈ ಅಗಲ ಇರುತ್ತದೆ. ನಾನು ಜೇಬಿನ ಬಾಲ್‌ಪೆನ್ನು ತೆಗೆದು ಪೇಪರಿನ ಅಂಚಿನಲ್ಲಿ ಮೊನೆ ಊರಿ ಒಂದು ಚುಕ್ಕೆ ಇಟ್ಟೆ. ಸ್ಪರ್ಧೆಯ ಗುರಿಹಲಗೆಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಗಲದ್ದು. ಅದರ ಸುತ್ತಲಿನ ಕಪ್ಪು ವೃತ್ತವೆಲ್ಲ ಸೇರಿ 30.5 ಮಿಲಿಮೀಟರ್. ಹತ್ತು ಮೀಟರ್ ದೂರದಲ್ಲಿ ನಿಂತು, ದುರ್ಬೀನು ಇಲ್ಲದೆ, ಸಣ್ಣ ತೂತಿನ ಪೀಪ್ ಸೈಟಿನಲ್ಲಿ ನೋಡಿ, 4.5 ಮಿಲಿಮೀಟರಿನ ಛರ್ರೆಯ ಅಂಚಾದರೂ ಆ ಚುಕ್ಕೆಗೆ ತಾಕುವಂತೆ ಹೊಡೆಯಬೇಕು. ಒಂದು ಸಲವಲ್ಲ, 60 ಸಲ, 75 ನಿಮಿಷದೊಳಗೆ. ಕಾಕಾ ಕನ್ನಡಕ ಏರಿಸಿ ಚುಕ್ಕೆಯನ್ನು ನೋಡಿದರು, ಏನೂ ಅನ್ನಲಿಲ್ಲ.

ಅಷ್ಟರಲ್ಲಿ ಕಾಕಿ ಹೊರಗೆ ಬಂದರು. “ಅದೆಲ್ಲಾ ಇರ್ಲಿ. ಬಂದೂಕ ಅಂದ್ರ ಲೈಸೆನ್ಸು, ಠಾಣೆ, ಓಡಾಟ. ಇಲೆಕ್ಷನ್ ಬಂದ್ರ ಹೊಲದ ಬಂದೂಕ ಒಯ್ದು ಠಾಣೇದಾಗ ಇಡಬೇಕು. ಹೆಣಮಗಳಿಗೆ ಯಾಕ ಬೇಕದು?”

ಕಾಕಿಯ ಅಂಜಿಕೆಗೆ ನಮ್ಮ ನೆಲದಲ್ಲಿ ಬೇರಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಿದ್ದ. ಆ ಗುಂಡು ಅಮಟೂರು ಬಾಳಪ್ಪನದು ಎಂದು ನಮ್ಮ ಕಡೆ ಮಕ್ಕಳೂ ಹೇಳುತ್ತಾರೆ, ಮತ್ತು ಅಮಟೂರು ನಮ್ಮ ತಾಲೂಕಿನದೇ. ಚೆನ್ನಮ್ಮ ರಾಣಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ಇದೇ ಬೈಲಹೊಂಗಲದಲ್ಲಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಿರಿ ಎಂಬ ಕಾನೂನು ಬಂದಾಗ ಮುಧೋಳದ ಕಡೆಯ ಹಲಗಲಿ ಬೇಡರು ಒಪ್ಪದೆ ಪ್ರಾಣ ಕೊಟ್ಟರು. ಮರುವರ್ಷ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರು ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದದ್ದು ರಾಮದುರ್ಗದ ಸುರೇಬಾನದಲ್ಲಿ. ಇಂಥ ಸೀಮೆಯ ಜನರ ಕೈಯಲ್ಲಿ ಬಂದೂಕು ಉಳಿಯಬಾರದೆಂದು ಅಂದಿನ ಸರಕಾರ ಜಿದ್ದು ಹಿಡಿದದ್ದು ಸಹಜ. ಆ ಜಿದ್ದು ಹೋಗಿ ಎಷ್ಟೋ ವರ್ಷವಾದರೂ ಬಂದೂಕೆಂದರೆ ಠಾಣೆ ಎಂಬ ನೆನಪು ಮನೆಮನೆಯಲ್ಲಿ ಉಳಿದಿದೆ.

ಆದರೆ ಸ್ಪರ್ಧೆಯ ಏರ್ ರೈಫಲ್ಲಿನ ಮಾತೇ ಬೇರೆ. ನಮ್ಮ ದೇಶದ 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರಿಗಿಂತ ದೊಡ್ಡದಲ್ಲದ, 20 ಜೂಲ್ ಶಕ್ತಿ ಮೀರದ ಗಾಳಿ ಬಂದೂಕಿಗೆ ಲೈಸೆನ್ಸು ಬೇಡ. ಕೊಳ್ಳುವವರು ಗುರುತಿನ ದಾಖಲೆ ಕೊಟ್ಟರೆ ಸಾಕು. ಸ್ಪರ್ಧೆಯ ರೈಫಲ್ ಆ ಮಿತಿಯ ಅರ್ಧಕ್ಕೂ ಹೋಗುವುದಿಲ್ಲ. ಸುಮಾರು ಏಳೂವರೆ ಜೂಲ್, ಸೆಕೆಂಡಿಗೆ 170 ಮೀಟರಿನ ಆಸುಪಾಸಿನ ವೇಗ. ಜಾತ್ರೆಯ ಕೆಲವು ಬಂದೂಕುಗಳ ಏಟೇ ಇದಕ್ಕಿಂತ ಜೋರು. “ಜೋರ ಇಲ್ಲದ್ದಕ್ಕ ಹೆಚ್ಚ ರೊಕ್ಕ!” ಎಂದರು ಕಾಕಾ. ಹೌದು, ಇಡೀ ವಿದ್ಯೆಯ ಗುಟ್ಟೇ ಅದು. ವೇಗದ ಹಿಂದೆ ಯಾರೂ ಬೀಳಲಿಲ್ಲ. ಬಂದೂಕಿನೊಳಗಿನ ಒಂದೊಂದೇ ಗದ್ದಲವನ್ನು ಹುಡುಕಿ ಹುಡುಕಿ ತೆಗೆಯುತ್ತ ಹೋದರು.

ಇದು ನಡೆದದ್ದು ಹೆಚ್ಚಾಗಿ ಜರ್ಮನಿಯಲ್ಲಿ. ಎರಡನೇ ಮಹಾಯುದ್ಧ ಸೋತ ದೇಶಕ್ಕೆ ಗೆದ್ದವರು ಮದ್ದಿನ ಬಂದೂಕು ಮಾಡಬಾರದೆಂದು ನಿರ್ಬಂಧ ಹಾಕಿದರು. 1950ರ ಸುಮಾರಿಗೆ ಗಾಳಿ ಬಂದೂಕಿಗೆ ಮಾತ್ರ ಅನುಮತಿ ಸಿಕ್ಕಿತು. ನಮ್ಮ ಹಲಗಲಿಯವರಿಗೆ ಬಂದ ಹುಕುಮಿನಂಥದೇ ಹುಕುಮು, ಆದರೆ ಅಲ್ಲಿ ಪರಿಣಾಮ ಬೇರೆಯಾಯಿತು. ಓಬರ್ನ್‌ಡಾರ್ಫ್ ಎಂಬ ಊರಿನ ಮೌಸರ್ ಕಾರ್ಖಾನೆಯ ಬಂದೂಕುಗಳು ಒಂದು ಕಾಲಕ್ಕೆ ಜಗತ್ತಿಗೇ ಹೋಗುತ್ತಿದ್ದವು. ಅಲ್ಲಿ ದುಡಿದ ವೆಸ್ಟಿಂಗರ್ ಮತ್ತು ಆಲ್ಟೆನ್‌ಬರ್ಗರ್ ಎಂಬ ಇಬ್ಬರು ಎಂಜಿನಿಯರುಗಳು ಸೇರಿ ಫೈನ್‌ವೆರ್ಕ್‌ಬೌ ಎಂಬ ಸಂಸ್ಥೆ ಕಟ್ಟಿದರು. ಯುದ್ಧದ ಬಂದೂಕು ಮಾಡಲು ಕಲಿತ ಅತ್ಯಂತ ಸೂಕ್ಷ್ಮ ಕೈಗಳು ಕಾಗದಕ್ಕೆ ತೂತು ಹಾಕುವ ಬಂದೂಕಿನ ಕಡೆ ತಿರುಗಿದವು. ಯುದ್ಧದ ಕತೆಗಳಲ್ಲಿ ಇಷ್ಟು ಸಮಾಧಾನ ಕೊಡುವುದು ನನಗೆ ಮತ್ತೊಂದು ಸಿಕ್ಕಿಲ್ಲ.

ಮೊದಲು ಅವರಿಗೆ ಎದುರಾದದ್ದು ಆ ಸ್ಪ್ರಿಂಗಿನ ಜಗ್ಗಾಟವೇ. ಅದಕ್ಕೆ ಎರಡು ಉಪಾಯ ಹುಟ್ಟಿದವು. ಡಯಾನಾ ಕಂಪನಿಯ ರೈಫಲ್ಲುಗಳಲ್ಲಿ ಒಂದರ ಬದಲು ಎರಡು ಪಿಸ್ಟನ್. ಒಂದು ಮುಂದೆ ಓಡಿ ಗಾಳಿ ಒತ್ತಿದರೆ ಇನ್ನೊಂದು ಅದೇ ಗಳಿಗೆಯಲ್ಲಿ ಹಿಂದೆ ಓಡುತ್ತದೆ. ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆ ಸಮ ಜೋರು ಇದ್ದರೆ ನಡುವಿನ ಗಂಟು ಕದಲುವುದಿಲ್ಲ, ಹಾಗೆ. ಫೈನ್‌ವೆರ್ಕ್‌ಬೌದವರ ದಾರಿ ಇನ್ನೊಂದು. ನಳಿಗೆ, ಸ್ಪ್ರಿಂಗು, ಸೈಟು ಎಲ್ಲವನ್ನೂ ಒಂದು ಜಾರುವ ಹಳಿಯ ಮೇಲೆ ಕೂಡಿಸಿದರು. ಹೊಡೆದಾಗ ಆ ಭಾಗವಷ್ಟೇ ಹಳಿಯ ಮೇಲೆ ಹಿಂದೆ ಸರಿಯುತ್ತದೆ, ಹೆಗಲಿಗೆ ಆನಿಸಿದ ಕಟ್ಟಿಗೆಯ ಹಿಡಿಗೆ ಸುದ್ದಿಯೇ ಮುಟ್ಟುವುದಿಲ್ಲ. 1960ರ ದಶಕದ ಅವರ 150, ಆಮೇಲಿನ 300 ಎಂಬ ಮಾದರಿಗಳು ಹೀಗೆ ಬಂದವು. 300ನ್ನು ಇಂದಿಗೂ ಜೋಪಾನ ಮಾಡಿ ಹೊಡೆಯುವವರಿದ್ದಾರೆ. ಆ ವೇಳೆಗೆ ಆಟಕ್ಕೂ ಮಾನ್ಯತೆ ಬಂದಿತ್ತು: 1966ರಲ್ಲಿ ವೀಸ್‌ಬಾಡೆನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹತ್ತು ಮೀಟರ್ ಏರ್ ರೈಫಲ್ ಸೇರಿತು.

“ಅಂದ್ರ ಸ್ಪ್ರಿಂಗ್ ಇಟಗೊಂಡಾ ಅದರ ಕಾಟ ತಪ್ಪಿಸಿದ್ರು. ಸ್ಪ್ರಿಂಗನ್ನಾ ತಗದ ಒಗದ್ರ ಆಗತಿದ್ದಿಲ್ಲೇನು?” ಎಂದು ಕಾಕಾ ಕೇಳಿದರು. ಪಂಪ್‌ಸೆಟ್ ಬಿಚ್ಚಿ ಕೂಡಿಸಿದ ಕೈಗೆ ತಾನಾಗಿ ಬರುವ ಪ್ರಶ್ನೆ ಅದು.

ಅದನ್ನೇ ಮಾಡಿದರು. 1974ರಲ್ಲಿ ವಾಲ್ಥರ್ ಕಂಪನಿಯ ಎಲ್‌ಜಿಆರ್ ಬಂತು. ಬದಿಯ ಸನ್ನೆಗೋಲನ್ನು ಒಂದು ಸಲ ಎಳೆದು ಮುಚ್ಚಿದರೆ ಗಾಳಿ ಮೊದಲೇ ಒತ್ತಿಕೊಂಡು ಕೋಣೆಯೊಂದರಲ್ಲಿ ಕೂಡುತ್ತದೆ, ಟ್ರಿಗರ್ ಎಳೆದರೆ ಕವಾಟ ತೆರೆದು ಹೊರಡುತ್ತದೆ. ಓಡುವ ಪಿಸ್ಟನ್ ಇಲ್ಲ, ಬಡಿತವಿಲ್ಲ. ಹತ್ತು ವರ್ಷದ ಮೇಲೆ ಫೈನ್‌ವೆರ್ಕ್‌ಬೌ 600 ಇದೇ ದಾರಿ ಹಿಡಿಯಿತು. ಅದೇ 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಏರ್ ರೈಫಲ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. ಗಂಡಸರಲ್ಲಿ ಫ್ರಾನ್ಸಿನ ಫಿಲಿಪ್ ಎಬರ್ಲೆ 600ಕ್ಕೆ 589 ಹೊಡೆದು ಚಿನ್ನ ಗೆದ್ದರು, ಹೆಂಗಸರಲ್ಲಿ ಅಮೆರಿಕದ ಪ್ಯಾಟ್ ಸ್ಪರ್ಜಿನ್. ಆಕೆಗೆ ಆಗ 18 ವರ್ಷ. ಇದನ್ನು ಕೇಳಿ ಕಾಕಿ ಗೋಡೆಯ ಹತ್ತಿರಕ್ಕೇ ಬಂದು ನಿಂತರು.

ಸನ್ನೆಗೋಲು ಎಳೆಯುವುದರಲ್ಲೂ ಒಂದು ತೊಡಕಿತ್ತು. ಪ್ರತಿ ಗುಂಡಿಗೆ ಜೋರು ಹಾಕಿದರೆ ಮೈ ದಣಿಯುತ್ತದೆ, ಹೂಡಿದ ನಿಲುವು ಕೆಡುತ್ತದೆ. ಆಗ ಸೋಡಾ ನೀರಿಗೆ ಹಾಕುವ ಕಾರ್ಬನ್ ಡೈಆಕ್ಸೈಡನ್ನು ಸಿಲಿಂಡರಿನಲ್ಲಿ ತುಂಬಿ ನೋಡಿದರು. ಸಲೀಸು ಆಯಿತು. ಆದರೆ ಆ ಅನಿಲದ ಒತ್ತಡ ಹವೆಯನ್ನು ನೋಡಿ ಏರಿಳಿಯುತ್ತದೆ. ರಾಮದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಒಂದು ವೇಗ, ಅಲ್ಲಿಯದೇ ಡಿಸೆಂಬರ್ ಮುಂಜಾವಿನಲ್ಲಿ ಇನ್ನೊಂದು ವೇಗ. ಅರ್ಧ ಮಿಲಿಮೀಟರಿನ ಲೆಕ್ಕಕ್ಕೆ ಅದು ನಡೆಯುವುದಿಲ್ಲ.

ಕೊನೆಗೆ 1990ರ ದಶಕದ ಕಡೆಗೆ ಬರೇ ಗಾಳಿಗೇ ಮರಳಿದರು. ನಳಿಗೆಯ ಕೆಳಗೆ ಒಂದು ಸಿಲಿಂಡರು, ಅದರಲ್ಲಿ 200 ಬಾರ್ ಒತ್ತಡದ ಗಾಳಿ. ನಡುವೆ ಒಂದು ರೆಗ್ಯುಲೇಟರು ಕೂತು ಪ್ರತಿ ಗುಂಡಿಗೂ ಅಷ್ಟಕ್ಕಷ್ಟೇ ಗಾಳಿ ಅಳೆದು ಬಿಡುತ್ತದೆ. ಸಿಲಿಂಡರು ಅರ್ಧ ಇಳಿದರೂ ಛರ್ರೆಯ ವೇಗ ಬದಲಾಗುವುದಿಲ್ಲ. ಒಂದು ಸಲ ತುಂಬಿದರೆ ಒಂದು ಸ್ಪರ್ಧೆ, ಅದರ ಅಭ್ಯಾಸ ಎಲ್ಲ ಮುಗಿದು ಇನ್ನೂ ಉಳಿಯುತ್ತದೆ. ಇಂದಿನ ಫೈನ್‌ವೆರ್ಕ್‌ಬೌ, ವಾಲ್ಥರ್, ಆನ್‌ಷುಟ್ಸ್, ಸ್ಟೈರ್ ಎಲ್ಲವೂ ಇದೇ ತತ್ವದವು. ಇದನ್ನೇ ಹೊಸದು ಅನ್ನುವಂತಿಲ್ಲ. ಕಿತ್ತೂರ ಯುದ್ಧಕ್ಕಿಂತ 40 ವರ್ಷ ಮೊದಲೇ ಆಸ್ಟ್ರಿಯಾದ ಸೈನ್ಯದಲ್ಲಿ ಗಿರಾಂಡೋನಿ ಎಂಬವನ ಗಾಳಿ ಬಂದೂಕು ಇತ್ತು, ಅದರ ಹಿಂದಿನ ಬುರುಡೆಯೊಳಗೇ ಗಾಳಿ ತುಂಬುತ್ತಿದ್ದರು. ವಿಚಾರ ಇತ್ತು, ಆ ವಿಚಾರ ತಡೆದುಕೊಳ್ಳುವ ಉಕ್ಕೂ ವಾಷರೂ ಇರಲಿಲ್ಲ. ಇನ್ನೊಂದು ಮಾತು, ಹಳೆಯ ರೈಫಲ್ ಕೊಳ್ಳುವವರು ಸಿಲಿಂಡರಿನ ತಾರೀಖು ತಪ್ಪದೆ ನೋಡಬೇಕು. ಹತ್ತು ವರ್ಷ ದಾಟಿದ ಸಿಲಿಂಡರನ್ನು ಸ್ಪರ್ಧೆಗೆ ಬಿಡುವುದಿಲ್ಲ, ಬಿಡಲೂಬಾರದು. 200 ಬಾರ್ ಎಂಬುದು ಆಟದ ವಸ್ತುವಲ್ಲ.

ಹೀಗೆ ಬಂದೂಕಿನ ತಪ್ಪುಗಳೆಲ್ಲ ಒಂದೊಂದಾಗಿ ಕಳೆದವು. ಏನಾಯಿತು ಗೊತ್ತೇ? ಎಲ್ಲರೂ ಹತ್ತೇ ಹೊಡೆಯತೊಡಗಿದರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಅರ್ಹತಾ ಸುತ್ತಿನಲ್ಲಿ ನಮ್ಮ ಗಗನ್ ನಾರಂಗ್ 600ಕ್ಕೆ 600 ಹೊಡೆದರು. ಹತ್ತಕ್ಕಿಂತ ಮೇಲೆ ಇನ್ನೇನು ಕೊಡಬೇಕು? ಆ ಹತ್ತನ್ನೇ ಹತ್ತು ಪಾಲು ಮಾಡಿ 10.0ರಿಂದ 10.9ರವರೆಗೆ ಎಣಿಸುವ ಪದ್ಧತಿ ಫೈನಲ್‌ನಲ್ಲಿ ಮೊದಲೇ ಇತ್ತು. 2013ರಿಂದ ಅದನ್ನು ಅರ್ಹತಾ ಸುತ್ತಿಗೂ ತಂದರು. ಮೊದಲು ಕಾಗದದ ತೂತಿಗೆ ಗೇಜು ತುರುಕಿ ಅಂಕ ಓದುತ್ತಿದ್ದರು, ಈಗ ಎಲೆಕ್ಟ್ರಾನಿಕ್ ಗುರಿಹಲಗೆ ಆ ಕ್ಷಣವೇ ದಶಮಾಂಶ ಹೇಳುತ್ತದೆ.

ಈಗ ಉಳಿದ ತಪ್ಪೆಲ್ಲ ಮನುಷ್ಯನದೇ. ಐದೂವರೆ ಕಿಲೋದವರೆಗೆ ತೂಗುವ ರೈಫಲ್ ಹಿಡಿದು, ಎಡ ಮೊಣಕೈಯನ್ನು ಟೊಂಕದ ಮೇಲೆ ಊರಿ, ಉಸಿರು ಬಿಟ್ಟು ನಿಲ್ಲಿಸಿ, ಎದೆಬಡಿತದ ನಡುವೆ ಬೆರಳು ಒತ್ತಬೇಕು. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಅವರಿಗೆ ಆದದ್ದನ್ನು ಕಾಕಾರಿಗೆ ಹೇಳಿದೆ. ಫೈನಲ್‌ಗೆ ಮೊದಲು ಹೊಡೆದ ಪರೀಕ್ಷಾ ಗುಂಡು ನಾಲ್ಕರ ವೃತ್ತಕ್ಕೆ ಹೋಯಿತು. ಸೈಟು ಸರಿದಿತ್ತು. ಅಂಥ ಹೊತ್ತಿನಲ್ಲಿ ಮನಸ್ಸು ಕೆಡಿಸಿಕೊಳ್ಳದೆ ಸೈಟು ಸರಿಪಡಿಸಿಕೊಂಡರು. ಕೊನೆಯ ಗುಂಡಿಗೆ ಬಂದಾಗ ಫಿನ್ಲೆಂಡಿನ ಹೆನ್ರಿ ಹಾಕಿನೆನ್ ಸರಿಸಮ ನಿಂತಿದ್ದರು. ಹಾಕಿನೆನ್ 9.7 ಹೊಡೆದರು, ಬಿಂದ್ರಾ 10.8. ಒಟ್ಟು 700.5, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ.

“ಅವ್ರು ಸಾಹುಕಾರ ಮಂದಿ ಬಿಡ್ರಿ. ನಮ್ಮ ಕಡೇದವರು ಯಾರರೆ ಅದಾರೇನು?” ಎಂದರು ಕಾಕಿ.

ಇದ್ದಾರೆ. 2025ರಲ್ಲಿ ಚೀನಾದ ನಿಂಗ್ಬೊ ವಿಶ್ವಕಪ್‌ನಲ್ಲಿ ಹತ್ತು ಮೀಟರ್ ಏರ್ ರೈಫಲ್ ಕಂಚು ಗೆದ್ದವರು ನಮ್ಮ ಕರ್ನಾಟಕದ ಮೇಘನಾ ಸಜ್ಜನರ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರ ಕೈರೋ ವಿಶ್ವಕಪ್‌ನಲ್ಲಿ ಪದಕ ಗೆದ್ದಾಗ ಆಕೆಗೆ 14 ವರ್ಷ, ಹೆಚ್ಚೂಕಡಿಮೆ ಕಾಕಾರ ಮೊಮ್ಮಗಳ ವಯಸ್ಸು. ಮಗ್ಗುಲ ಕೊಲ್ಲಾಪುರ ಜಿಲ್ಲೆಯ ಹಳ್ಳಿಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಅವರದು 50 ಮೀಟರಿನ ಕಾಡತೂಸಿನ ರೈಫಲ್.

ಆದರೆ ಈ ಬಂದೂಕಿನ ಬೆಳವಣಿಗೆಯ ನಿಜವಾದ ಅರ್ಥ ನನಗೆ ಹೊಳೆಯುವುದು ಹುಬ್ಬಳ್ಳಿ-ಧಾರವಾಡದ ಕಡೆಯ ಶ್ರೀಹರ್ಷ ದೇವರಡ್ಡಿ ಅವರನ್ನು ನೆನೆದಾಗ. ಅವರು ಸ್ಪರ್ಧಿಸುವುದು ಪ್ಯಾರಾ ಶೂಟಿಂಗಿನ ಎಸ್‌ಎಚ್2 ವಿಭಾಗದಲ್ಲಿ. ತೋಳಿನಿಂದ ರೈಫಲ್ಲಿನ ಭಾರ ಹೊರಲಾಗದವರಿಗೆ ಇರುವ ವಿಭಾಗ ಅದು. ಸ್ಪ್ರಿಂಗಿನ ಮೇಲೆ ತೂಗುವ ಒಂದು ಸ್ಟ್ಯಾಂಡು ರೈಫಲ್ಲನ್ನು ಹೊರುತ್ತದೆ, ಗುರಿ ಮತ್ತು ಬೆರಳು ಮಾತ್ರ ಶೂಟರನದು. 2022ರಲ್ಲಿ ಫ್ರಾನ್ಸಿನ ಶಾಟೊರೂನಲ್ಲಿ ನಡೆದ ವಿಶ್ವಕಪ್‌ನಲ್ಲಿ ಅವರು ಚಿನ್ನ ಗೆದ್ದರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋದರು. ಹಿಂದೆ ಮುಂದೆ ಜಗ್ಗುವ ಹಳೆಯ ಸ್ಪ್ರಿಂಗ್ ಬಂದೂಕನ್ನು ಅಂಥ ಸ್ಟ್ಯಾಂಡಿನ ಮೇಲಿಟ್ಟು ಈ ಮಟ್ಟದಲ್ಲಿ ಹೊಡೆಯುವುದು ಆಗುತ್ತಿರಲಿಲ್ಲ. ಒಂದು ಯಂತ್ರ ಶಾಂತವಾದಷ್ಟೂ ಹೆಚ್ಚು ಜನರಿಗೆ ಅದರ ಬಾಗಿಲು ತೆರೆಯಿತು. ಹೆಂಗಸರಿಗೆ 40 ಗುಂಡು ಸಾಕೆಂಬ ನಿಯಮವೂ 2018ಕ್ಕೆ ಹೋಯಿತು, ಈಗ ಅವರಿಗೂ 60.

ಕಾಕಾ ಮೆಲ್ಲಗೆ ಕೇಳಿದರು: “ಹಂಗಾರ ಕೊಡಸಲೇನ್ರಿ?”

ಬೇಡ ಎಂದೆ, ಈಗಲೇ ಬೇಡ. ಮೊದಲು ಹುಡುಗಿಯನ್ನು ಹುಬ್ಬಳ್ಳಿಗೆ ಕರೆದೊಯ್ದು ಅಲ್ಲಿಯ ಶೂಟಿಂಗ್ ಅಕಾಡೆಮಿಯಲ್ಲಿ ತೋರಿಸಿರಿ. ಆರು ತಿಂಗಳು ಅಲ್ಲಿಯ ರೈಫಲ್ಲಿನಲ್ಲೇ ಕಲಿಯಲಿ. ಆಮೇಲೂ ಆಸೆ ಉಳಿದರೆ ಮುಂಬಯಿ ಕಡೆಯ ಪ್ರೆಸಿಹೋಲ್‌ನಂಥ ನಮ್ಮ ದೇಶದ ತಯಾರಕರ ರೈಫಲ್ ನೋಡಬಹುದು, ಲಕ್ಷದ ಮಾತು ರಾಜ್ಯ ತಂಡಕ್ಕೆ ಬಂದ ಮೇಲೆ. ಮನೆಯಲ್ಲಿ ಬಂದೂಕು ಇಟ್ಟರೆ ಕೀಲಿ ಹಾಕಿ ಇಡಬೇಕು, ಖಾಲಿ ಇದ್ದರೂ ಯಾರ ಕಡೆಗೂ ತೋರಿಸಬಾರದು, ಸೀಸದ ಛರ್ರೆ ಮುಟ್ಟಿದ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು. ಮತ್ತು ಬೆಳವ, ಗಿಳಿ, ನವಿಲಿನ ಮೇಲೆ ಎತ್ತಿದರೆ ಅದು ವನ್ಯಜೀವಿ ಕಾನೂನಿನ ಅಪರಾಧ. ಹಕ್ಕಿಗೆ ಗುರಿ ಇಡುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. ಎಪ್ಪತ್ತು ವರ್ಷ ಇಷ್ಟೊಂದು ಜನ ಬುದ್ಧಿ ಖರ್ಚು ಮಾಡಿದ್ದು ಕಾಗದದ ಚುಕ್ಕೆಗಾಗಿ.

ಗೋಡೆಯ ಮಾತು ಅಲ್ಲಿಗೆ ಮುಗಿಯಿತಾದರೂ ನನ್ನ ತಲೆಯಲ್ಲಿ ಮುಗಿದಿಲ್ಲ. ಕಿತ್ತೂರಿನಲ್ಲಿ 1969ರಿಂದ ರಾಣಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ಸೈನಿಕ ಶಾಲೆ ಇದೆ, ಸಂಗೊಳ್ಳಿಯಲ್ಲಿ ಈಗ ರಾಯಣ್ಣನ ಹೆಸರಿನ ಸೈನಿಕ ಶಾಲೆಯಾಗಿದೆ. ಅಲ್ಲಿ ಜಾಗ ಸಿಕ್ಕವರಿಗೆ ಒಳ್ಳೆಯದು. ಸಿಗದ ಮಕ್ಕಳು ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸಾಲಿಗಳಲ್ಲಿ ಸಾವಿರಾರು ಇದ್ದಾರೆ. ಕ್ರಿಕೆಟ್ಟಿಗೆ ಎಕರೆಗಟ್ಟಲೆ ಮೈದಾನ ಬೇಕು, ಕುಸ್ತಿಗೆ ಗರಡಿ ಬೇಕು. ಏರ್ ರೈಫಲ್ಲಿಗೆ ಬೇಕಾದದ್ದು ಹದಿನೈದು ಮೀಟರ್ ಉದ್ದದ ಒಂದು ಕೋಣೆ, ಗುರಿಯ ಹಿಂದೆ ಉಕ್ಕಿನ ತಗಡು, ಬೆಳಕು, ಎರಡು ರೈಫಲ್ಲು, ವಾರಕ್ಕೊಮ್ಮೆ ಬಂದು ಕಲಿಸುವ ಒಬ್ಬ ತರಬೇತುದಾರ. ಪ್ರತಿ ಅಕ್ಟೋಬರಿಗೆ ಕಿತ್ತೂರು ಉತ್ಸವದಲ್ಲಿ ಕುಸ್ತಿ ಕಣ ಹಾಕುವ ಹಾಗೆ ಒಂದು ಹತ್ತು ಮೀಟರಿನ ಕಣವನ್ನೂ ಹಾಕಬಹುದು. ಈ ತಾಲೂಕುಗಳ ಯಾವುದೇ ಸಾಲಿಯ ಆಡಳಿತ ಮಂಡಳಿಯಲ್ಲಿ ನೀವಿದ್ದರೆ, ಮುಂದಿನ ಸಭೆಗೆ ಮೊದಲು ಖಾಲಿ ಬಿದ್ದ ಹಾಲಿನ ಉದ್ದ ಅಳೆದುಕೊಂಡು ಹೋಗಿರಿ.